ಮಸಿ ಹಿಡಿದ ಕಾಗದ

ಬೆಂಗಳೂರಿನ ಹಳೆಯ ಬಡಾವಣೆಯೊಂದರಲ್ಲಿ ಮಹಡಿ ಮನೆ. ಡಿಸೆಂಬರ್ ತಿಂಗಳ ಗುರುವಾರ, ಬೆಳಗ್ಗೆ ಎಂಟು ಗಂಟೆ. ತಾರಸಿಯ ಮೂಲೆಯಲ್ಲಿ ಗಾಳಿ ಎಳೆಯುವ ಯಂತ್ರ. ಅದರ ಕಾಗದ ಬದಲಿಸಲು ಬಂದವಳು ಸಂಶೋಧನಾ ವಿದ್ಯಾರ್ಥಿನಿ. ಕಾಫಿ ಲೋಟ ಹಿಡಿದು ಮೆಟ್ಟಿಲು ಹತ್ತಿ ಬಂದವರು ಮನೆ ಯಜಮಾನರು, ಬಸ್ ಡಿಪೋದಲ್ಲಿ ಮೂವತ್ತು ವರ್ಷ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು.

— ನಿನ್ನೆ ರಾತ್ರಿ ನಿನ್ನ ಮೆಷೀನು ಸ್ವಲ್ಪ ಹೊತ್ತು ಬಾಯಿ ಮುಚ್ಚಿಕೊಂಡಿತ್ತಮ್ಮಾ. ನಮ್ಮನೆಯವಳಿಗೆ ಅಷ್ಟು ಹೊತ್ತು ಸೊಗಸಾದ ನಿದ್ದೆ.

— ಕರೆಂಟ್ ಹೋಗಿತ್ತಾ ಅಂಕಲ್? ಎಷ್ಟು ಹೊತ್ತು?

— ನಲವತ್ತು ನಿಮಿಷ ಇರಬಹುದು. ನಾನೇನು ಬರೆದಿಟ್ಟುಕೊಂಡಿಲ್ಲ.

— ಬೇಕಾಗಿಲ್ಲ, ಒಳಗೆ ಗಂಟೆ ಎಣಿಸೋ ಮೀಟರ್ ಇದೆ. ಮೋಟರ್ ನಿಂತರೆ ಅದೂ ನಿಲ್ಲುತ್ತೆ. ನೋಡಿ, 23.3 ಗಂಟೆ ಓಡಿದೆ. ನಿಮ್ಮ ನಲವತ್ತು ನಿಮಿಷ ಸರಿಯಾಗೇ ಇದೆ.

— ಇನ್ನೊಂದು ಹೇಳ್ತೀನಿ ಕೇಳು. ನಿನ್ನ ಮೋಟರಿನ ಕಾರ್ಬನ್ ಬ್ರಷ್ ಸವೆದಿದೆ. ನಾಲ್ಕು ದಿನದಿಂದ ಸದ್ದು ಬೇರೆ ಥರ ಬರ್ತಿದೆ. ಬದಲಾಯಿಸದೆ ಬಿಟ್ಟರೆ ಆರ್ಮೇಚರ್ ಹೋಗುತ್ತೆ. ಅದಿರಲಿ, ಆ ಬ್ರಷ್ ಸವೆದ ಪುಡಿ ಎಲ್ಲಿಗೆ ಹೋಗುತ್ತೆ? ಮೋಟರಿನ ಗಾಳಿ ಜೊತೆ ಆಚೆ ಬರುತ್ತೆ. ಆ ಗಾಳಿ ಸುತ್ತಿಕೊಂಡು ಮತ್ತೆ ನಿನ್ನ ಕಾಗದಕ್ಕೇ ಬಂತು ಅನ್ನು. ಆಗ ನೀನು ಅಳೆಯೋದು ಊರಿನ ಗಾಳಿನೋ, ನಿನ್ನ ಮೋಟರಿನ ಗಾಳಿನೋ?

— ನಮ್ಮ ಮೇಷ್ಟ್ರು ಮೊದಲ ದಿನ ಇದನ್ನೇ ಕೇಳಿದ್ದು! ಅದಕ್ಕೇ ಈ ಉದ್ದ ಕೊಳವೆ. ಮೋಟರಿನ ಗಾಳಿಯನ್ನ ಪ್ಯಾರಪೆಟ್ ಆಚೆ, ಗಾಳಿ ಹೋಗೋ ದಿಕ್ಕಿಗೆ ಬಿಡ್ತೀವಿ.

— ಸರಿ ಹಾಗಾದ್ರೆ. ನಾನು ಬಟ್ಟೆ ಒಣಹಾಕೋ ಹಗ್ಗ ಕಟ್ಟೋಕೆ ಆ ಕೊಳವೆ ಅಂದುಕೊಂಡಿದ್ದೆ. ಈ ಕಾಗದ ನೋಡು, ನಿನ್ನೆ ಹಾಲಿನ ಹಾಗಿತ್ತು, ಇವತ್ತು ಬಾಣಲೆ ತಳದ ಹಾಗಿದೆ.

— ಮುಟ್ಟಬೇಡಿ ಅಂಕಲ್! ಕೈಯಲ್ಲಿರೋ ಜಿಡ್ಡೂ ನನ್ನ ಲೆಕ್ಕಕ್ಕೆ ಸೇರಿಬಿಡುತ್ತೆ. ಕಾಗದ ಅಂತೀವಷ್ಟೆ, ಇದು ಕ್ವಾರ್ಟ್ಸ್ ನಾರು. ಇಲ್ಲಿಗೆ ತರೋ ಮೊದಲು 500 ಡಿಗ್ರಿಯಲ್ಲಿ ಕೆಲವು ಗಂಟೆ ಕಾಯಿಸಿ, ಅದರ ಮೈಯಲ್ಲಿರೋ ಜಿಡ್ಡೆಲ್ಲ ಸುಟ್ಟು, ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ ತಂದಿರ್ತೀನಿ. ಈಗ ಅದೇ ಹಾಳೆಯಲ್ಲಿ ಸುತ್ತಿ ಐಸ್ ಡಬ್ಬಿಗೆ. ಬಿಸಿಲು ಬಿದ್ದರೂ ಹಾಳಾಗುತ್ತೆ.

— ಇಷ್ಟೊಂದು ಮಡಿ ಯಾಕೆ? ನಿನ್ನೆ ಬಿಳಿ ಕಾಗದ ತೂಗಿದ್ದೀಯ, ಇವತ್ತು ಕರಿ ಕಾಗದ ತೂಗು. ಕಳೆದರೆ ಧೂಳು ಎಷ್ಟು ಅಂತ ಬಂತಲ್ಲ.

— ಧೂಳು ಬಂತು, ವಿಷ ಬರಲಿಲ್ಲ. ರಾಗಿ ಮೂಟೆ ತೂಗಿದರೆ ಅದರಲ್ಲಿ ಕಲ್ಲೆಷ್ಟಿದೆ ಅಂತ ತಕ್ಕಡಿ ಹೇಳುತ್ತಾ? ಈ ಕಾಗದದ ಮೇಲೆ ರಸ್ತೆ ಮಣ್ಣಿದೆ, ಕಟ್ಟಡದ ಸಿಮೆಂಟಿದೆ, ಗಂಧಕದ ಲವಣ ಇದೆ, ಮಸಿ ಇದೆ. ಆ ಮಸಿಗೆ ಅಂಟಿಕೊಂಡಿರೋ ಒಂದು ಜಾತಿ ಅಣುಗಳನ್ನ ನಾನು ಹುಡುಕ್ತಿರೋದು. ಲೆಕ್ಕ ಹೇಳಲಾ?

— ಹೇಳು. ಕಾಫಿ ಇನ್ನೂ ಬಿಸಿ ಇದೆ.

— ಈ ಯಂತ್ರ ನಿಮಿಷಕ್ಕೆ ಸುಮಾರು 1.1 ಘನ ಮೀಟರ್ ಗಾಳಿ ಎಳೆಯುತ್ತೆ, ದಿನಕ್ಕೆ ಹತ್ತಿರ ಹತ್ತಿರ 1,600. ಮನುಷ್ಯ ಒಂದು ದಿನಕ್ಕೆ ಉಸಿರಾಡೋದು ಹತ್ತು ಹದಿನೈದು ಘನ ಮೀಟರ್. ಅಂದ್ರೆ ನಿಮ್ಮ ಬೀದಿಯ ನೂರಕ್ಕೂ ಹೆಚ್ಚು ಜನರ ಒಂದು ದಿನದ ಉಸಿರು ಈ ಕಾಗದದಲ್ಲಿ ಹಾದುಹೋಗಿದೆ. ಗಾಳಿಯಲ್ಲಿ ಸಣ್ಣ ಧೂಳು, ಅಂದ್ರೆ ಪಿಎಂ10, ಘನ ಮೀಟರಿಗೆ 100 ಮೈಕ್ರೋಗ್ರಾಂ ಇದೆ ಅಂತ ಇಟ್ಟುಕೊಳ್ಳಿ. ಆಗ ಕಾಗದದ ಮೇಲೆ ಕೂತಿರೋದು 160 ಮಿಲಿಗ್ರಾಂ, ಒಂದು ಚಿಟಿಕೆ. ಇನ್ನು ನಾನು ಹುಡುಕೋ ಅಣು. ಕಾನೂನಿನ ಮಿತಿ ಘನ ಮೀಟರಿಗೆ ಒಂದೇ ಒಂದು ನ್ಯಾನೋಗ್ರಾಂ. ಅಷ್ಟಿದ್ದರೆ ಇಡೀ ಕಾಗದದ ಮೇಲೆ ಅದು 1.6 ಮೈಕ್ರೋಗ್ರಾಂ. ಆ ಚಿಟಿಕೆ ಧೂಳಿನಲ್ಲಿ ಲಕ್ಷದಲ್ಲೊಂದು ಪಾಲು.

— ಲಕ್ಷ ರಾಗಿ ಕಾಳಿಗೆ ಒಂದು ಕಲ್ಲು. ಅದನ್ನ ತಿಂದರೆ ಹಲ್ಲಿಗೂ ಗೊತ್ತಾಗಲ್ಲ, ಬಿಡು.

— ಹಲ್ಲಿಗೆ ಸಿಗಲ್ಲ, ಅದೇ ತೊಂದರೆ.

— ಅದರ ಹೆಸರೇನು?

— ಬೆಂಜೊ-ಎ-ಪೈರೀನ್. ಜೇನುಗೂಡಿನ ಐದು ಕಣ ಕಿತ್ತು ಪಕ್ಕ ಪಕ್ಕ ಅಂಟಿಸಿದ ಹಾಗಿರುತ್ತೆ. ಇಪ್ಪತ್ತು ಇಂಗಾಲ, ಹನ್ನೆರಡು ಜಲಜನಕ. ಕಟ್ಟಿಗೆ, ಬೆರಣಿ, ಕಲ್ಲಿದ್ದಲು, ಡೀಸೆಲ್, ಟಯರ್, ಯಾವುದಾದರೂ ಸರಿ, ಪೂರ್ತಿ ಉರಿಯದೆ ಹೊಗೆಯಾದರೆ ಇದು ಹುಟ್ಟುತ್ತೆ.

— ಗಾಳಿ ಸಾಲದೆ ಡೀಸೆಲ್ ಜಾಸ್ತಿಯಾದರೆ ಕರಿ ಹೊಗೆ. ನನಗೆ ಹೇಳಬೇಡ. ಪಂಪು ಬೆಂಚಿನ ಮೇಲೆ ಕೂರಿಸಿ, ನಾಜಲ್ ತೆಗೆದು ತೊಳೆದು, ಎಷ್ಟು ಬಸ್ಸಿನ ಹೊಗೆ ಬಿಡಿಸಿದ್ದೀನೋ ಲೆಕ್ಕವಿಲ್ಲ.

— ಹಾಗಾದ್ರೆ ನೀವೂ ನನ್ನ ಕೆಲಸವೇ ಮಾಡಿದ್ದೀರ, ಇನ್ನೊಂದು ತುದಿಯಿಂದ. ಇದರ ತಮ್ಮಂದಿರು ನಿಮ್ಮ ಬೀರುವಿನಲ್ಲೂ ಇದ್ದಾರೆ. ಆಂಟಿ ರೇಷ್ಮೆ ಸೀರೆ ಮಡಿಕೆಯಲ್ಲಿ ಇಡೋ ನುಸಿಗುಳಿಗೆ ಇದೆಯಲ್ಲ, ಅದು ಎರಡೇ ಕಣದ ನ್ಯಾಫ್ತಲೀನ್.

— ಅದು ಆರು ತಿಂಗಳಲ್ಲಿ ಕರಗಿ ಮಾಯವಾಗುತ್ತೆ.

— ಕರಗಲ್ಲ, ಹಾರಿಹೋಗುತ್ತೆ. ಎರಡು ಮೂರು ಕಣದವು ಹಗುರ, ಗಾಳಿಯಲ್ಲಿ ಆವಿಯಾಗೇ ಓಡಾಡ್ತವೆ, ಕಾಗದದ ಮೂಲಕ ನುಸುಳಿ ಹೋಗ್ತವೆ. ಅವನ್ನ ಹಿಡಿಯಬೇಕಂದ್ರೆ ಕಾಗದದ ಹಿಂದೆ ಸೋಫಾದಲ್ಲಿ ಹಾಕೋ ಥರದ ಫೋಮ್ ತುಂಡು ಇಡಬೇಕು. ಐದು ಕಣದ್ದು ಭಾರ. ಅದಕ್ಕೆ ಒಂಟಿಯಾಗಿ ತೇಲೋಕೆ ಆಗಲ್ಲ, ಮಸಿ ಕಣದ ಬೆನ್ನು ಹತ್ತಿ ಬರುತ್ತೆ. ಮಸಿ ಸಣ್ಣದು, ಶ್ವಾಸಕೋಶದ ತುದಿವರೆಗೂ ಇಳಿಯುತ್ತೆ.

— ಇಳಿದು ಏನು ಮಾಡುತ್ತೆ?

— ಮಾಡೋದು ನಮ್ಮ ಮೈಯೇ. ಈ ಅಣು ಎಣ್ಣೆಗೆ ಸೇರಿದ್ದು, ನೀರಿನಲ್ಲಿ ಕರಗಲ್ಲ. ಅದನ್ನ ಕರಗೋ ಹಾಗೆ ಮಾಡಿ ಮೂತ್ರದಲ್ಲಿ ಕಳಿಸೋಣ ಅಂತ ಜೀವಕೋಶ ಅದಕ್ಕೆ ಆಮ್ಲಜನಕ ಜೋಡಿಸುತ್ತೆ. ಆ ರಿಪೇರಿಯ ಮಧ್ಯದಲ್ಲಿ ಒಂದು ಚೂಪು ರೂಪ ಹುಟ್ಟಿ ಡಿಎನ್‌ಎಗೆ ಹೋಗಿ ಕಚ್ಚಿಕೊಳ್ಳುತ್ತೆ. ಅಲ್ಲಿಂದ ಕ್ಯಾನ್ಸರಿನ ದಾರಿ.

— ರಿಪೇರಿ ಮಾಡೋಕೆ ಹೋಗಿ ಕೆಡಿಸಿದ ಹಾಗಾಯಿತು. ನಮ್ಮ ಡಿಪೋದಲ್ಲೂ ಅಂಥವರು ಇದ್ದರು. ಇದೆಲ್ಲ ಯಾರು ಕಂಡುಹಿಡಿದಿದ್ದು?

— ಮೊದಲು ಗಮನಿಸಿದ್ದು ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್, 1775ರಲ್ಲಿ. ಅಲ್ಲಿ ಮನೆಗಳ ಹೊಗೆಗೂಡಿನೊಳಗೆ ಪುಟ್ಟ ಹುಡುಗರನ್ನ ಇಳಿಸಿ ಮಸಿ ಕೆರೆಸ್ತಿದ್ದರು. ಅವರು ದೊಡ್ಡವರಾದ ಮೇಲೆ ವೃಷಣ ಚೀಲದ ಚರ್ಮಕ್ಕೆ ಕ್ಯಾನ್ಸರ್ ಬರ್ತಿತ್ತು. ಕಾರಣ ಮಸಿ ಅಂತ ಆತ ಬರೆದ. ಮಸಿಯೊಳಗೆ ಏನು ಅನ್ನೋದಕ್ಕೆ ನೂರೈವತ್ತು ವರ್ಷ ಬೇಕಾಯಿತು. 1915ರಲ್ಲಿ ಜಪಾನಿನ ಯಾಮಾಗಿವಾ, ಇಚಿಕಾವಾ ಅನ್ನೋ ಇಬ್ಬರು ಮೊಲದ ಕಿವಿಗೆ ತಿಂಗಳುಗಟ್ಟಲೆ ಕಲ್ಲಿದ್ದಲಿನ ಡಾಂಬರು ಹಚ್ಚಿ ಹಚ್ಚಿ ಗಡ್ಡೆ ಬರಿಸಿ ತೋರಿಸಿದರು. ಆಮೇಲೆ ಲಂಡನ್ನಿನಲ್ಲಿ ಕೆನ್ನವೇ ಅನ್ನೋರ ತಂಡ. ಅವರಿಗೆ ಇದ್ದ ಸುಳಿವು ಒಂದೇ. ಕಣ್ಣಿಗೆ ಕಾಣದ ನೇರಳಾತೀತ ಬೆಳಕು ಬಿಟ್ಟರೆ ಆ ವಸ್ತು ತನ್ನದೇ ಬಣ್ಣದಲ್ಲಿ ಹೊಳೆಯುತ್ತೆ. ಆ ಹೊಳಪನ್ನ ಬೆನ್ನತ್ತಿ ಎರಡು ಟನ್ ಗಟ್ಟಿ ಡಾಂಬರನ್ನ ಕರಗಿಸಿ, ಸೋಸಿ, ಬಟ್ಟಿ ಇಳಿಸಿ, ಕೊನೆಗೆ ಕೆಲವೇ ಗ್ರಾಂ ಹರಳು ತೆಗೆದರು. 1933ರಲ್ಲಿ ಪ್ರಕಟವಾಯಿತು. ಅದೇ ಇದು.

— ಮಸಿ, ಡಾಂಬರು... ನಾವು ಮೂವತ್ತು ವರ್ಷ ಹಳೇ ಇಂಜಿನ್ ಆಯಿಲಿನಲ್ಲಿ ಮೊಣಕೈವರೆಗೂ ಅದ್ದಿದವರು. ಕೈ ತೊಳೆದದ್ದೂ ಡೀಸೆಲ್‌ನಲ್ಲೇ. ಅದರಲ್ಲೂ ಇದೆಯಾ?

— ...ಇದೆ ಅಂಕಲ್. ಓಡಿ ಓಡಿ ಕಪ್ಪಾದ ಆಯಿಲಿನಲ್ಲಿ ಸೇರಿಕೊಳ್ಳುತ್ತೆ. ಹಾಗಂತ ಮುಟ್ಟಿದವರಿಗೆಲ್ಲ ಬರಲ್ಲ.

— ಹೆದರಬೇಡ, ಸುಮ್ಮನೆ ಕೇಳಿದೆ. ಕೈ ನೋಡು, ಚೆನ್ನಾಗೇ ಇದೆ. ಮಿತಿ ಅಂದೆಯಲ್ಲ, ನಮ್ಮ ದೇಶದ್ದಾ?

— ನಮ್ಮದೇ. 2009ರ ನವೆಂಬರ್ 18ರಂದು ಅಧಿಸೂಚನೆ ಆಗಿದ್ದು. ಹನ್ನೆರಡು ಮಾಲಿನ್ಯಕಾರಕಗಳ ಪಟ್ಟಿಯಲ್ಲಿ ಇದೂ ಒಂದು. ವರ್ಷದ ಸರಾಸರಿ ಒಂದು ನ್ಯಾನೋಗ್ರಾಂ ದಾಟಬಾರದು. ಆ ಸರಾಸರಿ ಹೇಳಬೇಕಂದ್ರೆ ಒಂದೇ ಜಾಗದಲ್ಲಿ ವಾರಕ್ಕೆ ಎರಡು ದಿನದಂತೆ ವರ್ಷಕ್ಕೆ ಕನಿಷ್ಠ 104 ಸಲ ಅಳೆದಿರಬೇಕು.

— ನನ್ನ ಮಗ ಫೋನಿನಲ್ಲಿ ದಿನಾ ನೋಡ್ತಾನಲ್ಲ, ಎಕ್ಯೂಐ ಎಂಬತ್ತು, ಹಸಿರು ಬಂತು, ವಾಕಿಂಗ್ ಹೋಗಿ ಅಂತ. ಅದರಲ್ಲಿ ಇದು ಬರುತ್ತಾ?

— ಬರಲ್ಲ. ಗಾಳಿಯ ಗುಣಮಟ್ಟ ಹೇಳೋ ನಮ್ಮ ಎಕ್ಯೂಐಗೆ ಎಂಟೇ ಲೆಕ್ಕ. ಎರಡು ಥರದ ಧೂಳು, ನೈಟ್ರೋಜನ್ ಡೈಆಕ್ಸೈಡ್, ಸಲ್ಫರ್ ಡೈಆಕ್ಸೈಡ್, ಕಾರ್ಬನ್ ಮಾನಾಕ್ಸೈಡ್, ಓಝೋನ್, ಅಮೋನಿಯಾ, ಸೀಸ. ಬೆಂಜೊಪೈರೀನ್‌ಗೆ ಕಾನೂನಿನಲ್ಲಿ ಜಾಗ ಇದೆ, ಫೋನಿನಲ್ಲಿ ಇಲ್ಲ. ಯಾಕಂದ್ರೆ ಇದನ್ನ ಗಂಟೆ ಗಂಟೆಗೆ ಹೇಳೋಕೆ ಆಗಲ್ಲ. ಈ ಕಾಗದದ ಉತ್ತರ ಸಿಗೋಕೆ ನನಗೆ ಮೂರು ದಿನ ಬೇಕು, ಅದೂ ಸಾಲು ಇಲ್ಲದಿದ್ದರೆ. ಇನ್ನೂ ಒಂದು ನಾಚಿಕೆ ವಿಷಯ. ಈ ಜಾತಿಯಲ್ಲಿ ನೂರಾರು ಅಣು ಇದ್ದಾವೆ. ಅಮೆರಿಕದವರು ಹಿಂದೆಂದೋ ಹದಿನಾರು ಆರಿಸಿ ಪಟ್ಟಿ ಮಾಡಿದರು, ಪ್ರಪಂಚವೆಲ್ಲ ಅದನ್ನೇ ಅಳೆಯುತ್ತೆ. ನಮ್ಮ ಕಾನೂನು ಒಂದನ್ನ ಹೆಸರಿಸಿದೆ. ಯಜಮಾನನ ಹೆಸರಿನಲ್ಲಿ ರೇಷನ್ ಕಾರ್ಡ್ ಇದ್ದ ಹಾಗೆ.

— ಕಾರ್ಡಿನಲ್ಲಿ ಇಲ್ಲದವರೂ ಮನೇಲಿ ಊಟ ಮಾಡ್ತಿರ್ತಾರೆ.

— ಹೂಂ, ಕೆಲವರು ಯಜಮಾನನಿಗಿಂತ ಜೋರು.

— ಮೂರು ದಿನ ಅಂದೆ. ಏನು ಮಾಡ್ತೀಯ ಅಷ್ಟು ಹೊತ್ತು?

— ಕಳೆದುಕೊಳ್ತೀನಿ. ನಗಬೇಡಿ, ನಿಜವಾಗಿ. ಕಾಗದದ ಒಂದು ಪಾಲು ಕತ್ತರಿಸಿ ಟಾಲ್ವೀನ್‌ನಲ್ಲಿ ಮುಳುಗಿಸಿ ಶಬ್ದದ ಅಲೆ ಹಾಯಿಸಿ ಅಲ್ಲಾಡಿಸ್ತೀನಿ. ಮಸಿಗೆ ಅಂಟಿದ್ದು ದ್ರಾವಕಕ್ಕೆ ಬರಬೇಕು, ಪೂರ್ತಿ ಬರಲ್ಲ, ಅಲ್ಲಿ ಸ್ವಲ್ಪ ಹೋಯಿತು. ಸೋಸ್ತೀನಿ, ಗಾಜಿಗೆ ಅಂಟಿ ಸ್ವಲ್ಪ ಹೋಯಿತು. ಐವತ್ತು ಮಿಲಿಲೀಟರ್ ದ್ರಾವಕವನ್ನ ಎರಡು ಮಿಲಿಲೀಟರಿಗೆ ಇಳಿಸ್ತೀನಿ, ಆವಿಯ ಜೊತೆ ಸ್ವಲ್ಪ ಹೋಯಿತು. ಸಿಲಿಕಾ ಪುಡಿಯ ಕೊಳವೆಯಲ್ಲಿ ಇಳಿಸಿ ಬೇರೆ ಜಿಡ್ಡು ತೆಗೀತೀನಿ, ಅಲ್ಲೂ ಸ್ವಲ್ಪ. ಕೊನೆಗೆ ನೈಟ್ರೋಜನ್ ಊದಿ ಒಂದು ಮಿಲಿಲೀಟರ್. ಅಲ್ಲಿ ಫೋನ್ ಬಂತು ಅಂತ ಎದ್ದುಹೋಗಿ ಪೂರ್ತಿ ಒಣಗಿಸಿಬಿಟ್ಟರೆ ಹಗುರ ಅಣುಗಳೆಲ್ಲ ಗೋವಿಂದ. ಒಂದು ಸಲ ಆಗಿದೆ.

— ಹೀಗೆ ದಾರಿಯುದ್ದಕ್ಕೂ ಚೆಲ್ಲಿಕೊಂಡು ಹೋದರೆ ಕೊನೆಗೆ ಸಿಕ್ಕಿದ್ದಕ್ಕೆ ಏನು ಬೆಲೆ?

— ಎಷ್ಟು ಚೆಲ್ಲಿತು ಅಂತ ಗೊತ್ತಿದ್ದರೆ ಬೆಲೆ ಇದೆ. ನಿಮ್ಮೂರಲ್ಲಿ ಕುರಿ ಇದ್ದವು ಅಂದಿದ್ದಿರಿ.

— ಇದ್ದವು, ನಮ್ಮ ತಾತನ ಕಾಲದಲ್ಲಿ ನೂರೈವತ್ತು.

— ಯಾವುದೋ ಕಾಡಿನಲ್ಲಿ ಎಷ್ಟು ಕುರಿ ಇದ್ದಾವೆ ಗೊತ್ತಿಲ್ಲ ಅಂದುಕೊಳ್ಳಿ. ನೀವು ಕಿವಿಗೆ ಗುರುತು ಹಾಕಿದ ಹತ್ತು ಕುರಿಯನ್ನ ಅವುಗಳ ಮಧ್ಯೆ ಬಿಟ್ಟಿರಿ. ಹಳ್ಳ ದಾಟಿ, ತೋಳನ ಕಾಟ ದಾಟಿ ಸಂಜೆ ಹಟ್ಟಿಗೆ ಬಂದ ಹಿಂಡಿನಲ್ಲಿ ಗುರುತಿನವು ಏಳೇ ಇದ್ದವು. ಬೇರೆಯವು ಎಪ್ಪತ್ತು.

— ಹತ್ತಕ್ಕೆ ಏಳು ಅಂದ್ರೆ... ಬೇರೆಯವು ನೂರು ಇದ್ದವು. ಮೂವತ್ತು ದಾರಿಯಲ್ಲಿ ಹೋದವು.

— ಅಷ್ಟೇ ನನ್ನ ವಿದ್ಯೆ. ಕಾಗದವನ್ನ ದ್ರಾವಕಕ್ಕೆ ಹಾಕೋ ಮೊದಲೇ ಗುರುತಿನ ಅಣು ಒಂದಿಷ್ಟು ಬಿಡ್ತೀನಿ. ಅದೂ ಬೆಂಜೊಪೈರೀನೇ, ಆದರೆ ಅದರ ಹನ್ನೆರಡು ಜಲಜನಕದ ಜಾಗದಲ್ಲಿ ಭಾರದ ಜಲಜನಕ, ಡ್ಯುಟೀರಿಯಂ. ನಡತೆ ಒಂದೇ, ತೂಕ ಮಾತ್ರ ಬೇರೆ. ಇದು 252, ಅದು 264. ಎಲ್ಲಿ ಇದು ಕಳೆಯುತ್ತೋ ಅಲ್ಲಿ ಅದೂ ಅಷ್ಟೇ ಕಳೆಯುತ್ತೆ. ಕೊನೆಗೆ ಲ್ಯಾಬಿನ ಯಂತ್ರ ಎರಡನ್ನೂ ಬೇರೆ ಬೇರೆ ಎಣಿಸುತ್ತೆ.

— ಭೇಷ್. ಆದರೆ ತೋಳ ಗುರುತಿನ ಕುರಿಯನ್ನೇ ಆರಿಸಿ ತಿಂದರೆ?

— ಕೇಳಬೇಕಾದ ಪ್ರಶ್ನೆ ಕೇಳಿದ್ರಿ! ಗುರುತಿನದು ಈಗ ತಾನೇ ಬಿಟ್ಟಿದ್ದು, ಕಾಗದದ ಮೇಲೇ ಇರುತ್ತೆ. ಊರಿನದು ಮಸಿಯ ಸಂದುಗೊಂದಿನಲ್ಲಿ ವಾರದಿಂದ ಕೂತಿರಬಹುದು, ಸುಲಭಕ್ಕೆ ಬಿಡಲ್ಲ. ಅದನ್ನ ಪರೀಕ್ಷೆ ಮಾಡೋಕೆ ನಮ್ಮ ಲ್ಯಾಬಿನಲ್ಲಿ ಒಂದು ಪುಟ್ಟ ಬಾಟಲಿ ಇದೆ. ಒಳಗಿರೋದು ವಾಷಿಂಗ್ಟನ್ ಊರಿನ ಧೂಳು.

— ಧೂಳಾ? ಇಲ್ಲಿಲ್ಲವಾ?

— 1970ರ ದಶಕದಲ್ಲಿ ಅಮೆರಿಕದ ಅಳತೆ-ಮಾನಕ ಸಂಸ್ಥೆ ವಾಷಿಂಗ್ಟನ್ ಸುತ್ತಮುತ್ತ ದೊಡ್ಡ ಬಟ್ಟೆ ಚೀಲಗಳ ಯಂತ್ರ ಇಟ್ಟು ವರ್ಷಕ್ಕೂ ಹೆಚ್ಚು ಕಾಲ ಗಾಳಿ ಸೋಸಿ ಧೂಳು ಕೂಡಿಸಿತು. ಜರಡಿ ಹಿಡಿದು, ಬೆರೆಸಿ, ಬಾಟಲಿ ತುಂಬಿ, ಬೇರೆ ಬೇರೆ ವಿಧಾನದಲ್ಲಿ ಅಳೆದು, ಇದರಲ್ಲಿ ಗ್ರಾಮಿಗೆ ಸುಮಾರು ಎರಡೂವರೆ ಮೈಕ್ರೋಗ್ರಾಂ ಬೆಂಜೊಪೈರೀನ್ ಇದೆ ಅಂತ ಪ್ರಮಾಣಪತ್ರ ಕೊಟ್ಟಿತು. 1649 ಅದರ ಸಂಖ್ಯೆ. ಪ್ರಪಂಚದ ಲ್ಯಾಬುಗಳು ಅದನ್ನ ದುಡ್ಡು ಕೊಟ್ಟು ತರಿಸಿಕೊಳ್ತವೆ. ನಾನು ಆ ಧೂಳನ್ನ ನನ್ನ ಕ್ರಮದಲ್ಲಿ ಅಳೆದಾಗ ಅದೇ ಎರಡೂವರೆ ಬರಬೇಕು. ಬರಲಿಲ್ಲ ಅಂದ್ರೆ ನಿಮ್ಮ ತಾರಸಿ ಬಗ್ಗೆ ಮಾತಾಡೋ ಹಕ್ಕು ನನಗಿಲ್ಲ.

— ನಮಗೂ ಪಂಪು ಬೆಂಚಿಗೆ ಮಾಸ್ಟರ್ ನಾಜಲ್ ಅಂತ ಇತ್ತು. ಬೀಗ ಹಾಕಿ ಇಡ್ತಿದ್ದರು. ಬಂತಾ ನಿನಗೆ ಎರಡೂವರೆ?

— ಮೊದಲ ಆರು ತಿಂಗಳು ಬರಲಿಲ್ಲ. ಒಂದೂ ಮುಕ್ಕಾಲು, ಎರಡು, ಮತ್ತೆ ಒಂದೂವರೆ. ಅಷ್ಟು ಹೊತ್ತಿಗೆ ಮದುವೆ ಮಾಡಿಕೊಂಡು ಸುಮ್ಮನಿರೋಣ ಅನ್ನಿಸಿತ್ತು. ಒಂದೊಂದು ಸಲ ತುಂಬಾ ಜಾಸ್ತಿನೂ ಬರ್ತಿತ್ತು. ಅದಕ್ಕೆ ಕಾರಣ ಅಣ್ಣತಮ್ಮಂದಿರು. ಬೆಂಜೊ-ಇ-ಪೈರೀನ್ ಅಂತ ಇದೆ, ಅದೇ ಐದು ಕಣ, ಅದೇ 252, ಜೋಡಣೆ ಮಾತ್ರ ಬೇರೆ. ಅದು ಇದರಷ್ಟು ಕೆಟ್ಟದ್ದಲ್ಲ. ಕೂದಲಿನಂಥ ಮೂವತ್ತು ಮೀಟರ್ ಕೊಳವೆಯಲ್ಲಿ ಓಡಿಸಿದರೆ ಇಬ್ಬರೂ ಕೆಲವು ಸೆಕೆಂಡುಗಳ ಅಂತರದಲ್ಲಿ ಆಚೆ ಬರ್ತಾರೆ. ಕೊಳವೆ ಹಳೇದಾದರೆ ತೋಳಿಗೆ ತೋಳು ಹಾಕಿಕೊಂಡು ಬರ್ತಾರೆ. ನಾನು ತಮ್ಮನ ಪಾಪವನ್ನೂ ಅಣ್ಣನ ಲೆಕ್ಕಕ್ಕೆ ಬರೀತಿದ್ದೆ.

— ಈಗ ಸರಿಯಾಗಿದೆ ತಾನೇ?

— ಲ್ಯಾಬಿನೊಳಗೆ ಸರಿಯಾಗಿದೆ. ಇಲ್ಲಿ, ಈ ತಾರಸಿ ಮೇಲೆ ಆಗೋ ನಷ್ಟ ಮಾತ್ರ ಗುರುತಿನ ಕುರಿಗೂ ಗೊತ್ತಾಗಲ್ಲ. ಇಪ್ಪತ್ತನಾಲ್ಕು ಗಂಟೆ ಈ ಕಾಗದದ ಮೂಲಕ ಗಾಳಿ ಹಾಯುತ್ತಲ್ಲ, ಅದರಲ್ಲಿ ಓಝೋನ್ ಇರುತ್ತೆ. ಬೆಳಗ್ಗೆ ಬಂದು ಕೂತ ಬೆಂಜೊಪೈರೀನನ್ನ ಮಧ್ಯಾಹ್ನದ ಓಝೋನ್ ಸ್ವಲ್ಪ ಸ್ವಲ್ಪವಾಗಿ ತಿಂದುಹಾಕುತ್ತೆ. ಹಾಗಾಗಿ ನಾನು ಒಂದು ಅಂತ ಬರೆದರೆ, ನಿಮ್ಮ ಬೀದಿಯಲ್ಲಿ ಒಂದಕ್ಕಿಂತ ಹೆಚ್ಚು ಇತ್ತು ಅಂತಲೇ ಓದಿಕೊಳ್ಳಿ.

— ಆ ಮಾತು ವರದಿಯಲ್ಲಿ ಬರೀತೀಯಾ?

— ಬರೀತೀನಿ. ಸಣ್ಣ ಅಕ್ಷರದಲ್ಲಿರುತ್ತೆ.

— ನಮ್ಮ ಬೀದಿದು ಏನು ಬಂತು, ಅದನ್ನ ಹೇಳು. ಬಸ್ಸಿನದೇ ತಾನೇ? ಆ ಸಿಗ್ನಲ್ ಹತ್ತಿರ ನಿಂತು ಗುರ್ ಅಂತಿರ್ತವೆ.

— ನವೆಂಬರಿನ ಕಾಗದಗಳು ಮುಗಿದಿವೆ. ವಾರದ ದಿನಗಳಲ್ಲಿ ವಾಹನದ್ದೇ ಮುಖ್ಯ ಅನ್ನಿಸುತ್ತೆ, ಇಂಜಿನ್ ಆಯಿಲಿನಿಂದ ಬರೋ ಹೋಪೇನ್ ಅನ್ನೋ ಅಣು ಕಾಣುತ್ತೆ. ಆದರೆ ಶನಿವಾರದ ಕಾಗದಗಳು ನನ್ನ ತಲೆ ತಿಂತಿವೆ. ನಾಲ್ಕು ಶನಿವಾರವೂ ಬೆಂಜೊಪೈರೀನ್ ಏರಿದೆ. ಧೂಳಿನ ತೂಕ ಮಾತ್ರ ಹೆಚ್ಚೇನೂ ಇಲ್ಲ. ಕಾಗದದ ಇನ್ನೊಂದು ತುಂಡನ್ನ ಬೇರೆ ದ್ರಾವಕದಲ್ಲಿ ಹಾಕಿ ನೋಡಿದೆ, ಲೆವೋಗ್ಲುಕೋಸಾನ್ ಎದ್ದು ಕೂತಿದೆ. ಅದು ಕಟ್ಟಿಗೆಯ ಸೆಲ್ಯುಲೋಸ್ ಸುಟ್ಟಾಗ ಹುಟ್ಟೋ ಸಕ್ಕರೆಯ ಅವಶೇಷ. ಡೀಸೆಲ್ಲಿನಿಂದ ಸಾಯಲಿ ಅಂದರೂ ಬರಲ್ಲ. ಪಕ್ಕದಲ್ಲೇ ಇನ್ನೊಂದು ಸಣ್ಣ ಶಿಖರ, ಪ್ಲಾಸ್ಟಿಕ್ ಸುಟ್ಟಾಗ ಬರೋವಂಥದ್ದು. ಶನಿವಾರ ರಾತ್ರಿ ತಂದೂರಿ ಅಂಗಡಿ ಇರಬಹುದಾ, ಯಾರಾದರೂ ಕಸಕ್ಕೆ ಬೆಂಕಿ ಹಾಕ್ತಾರಾ ಅಂತ ಎರಡು ಶನಿವಾರ ರಾತ್ರಿ ಹತ್ತರವರೆಗೆ ಈ ಬೀದಿಯಲ್ಲೇ ಸುತ್ತಾಡಿದೆ. ಏನೂ ಸಿಗಲಿಲ್ಲ.

— ಶನಿವಾರ ಹಾಕಿದ ಕಾಗದ ಯಾವಾಗ ತೆಗೀತೀಯ?

— ಭಾನುವಾರ ಬೆಳಗ್ಗೆ ಎಂಟಕ್ಕೆ. ದಿನಾ ಹಾಗೇ ಅಲ್ವಾ.

— ಹೂಂ.

— ಯಾಕೆ ಅಂಕಲ್?

— ಭಾನುವಾರ ಎಣ್ಣೆ ಸ್ನಾನ ಕಣಮ್ಮಾ. ಐದೂವರೆಗೆ ಎದ್ದು ಹಂಡೆ ಒಲೆ ಹಚ್ಚುತ್ತೀನಿ. ನೀನು ಬರೋ ಹೊತ್ತಿಗೆ ಕೆಂಡ ಕೂಡ ಆರಿರುತ್ತೆ.

— ಹಂಡೆನಾ? ಯಂತ್ರ ಇಡೋ ದಿನ ಕೇಳಿದ್ದೆನಲ್ಲ, ಆಂಟಿ ಸೋಲಾರ್ ಇದೆ ಅಂದಿದ್ದರು!

— ಸೋಲಾರ್ ಇದೆ, ವಾರದ ದಿನಕ್ಕೆ. ಸೋಲಾರ್ ನೀರಿಗೆ ಎಣ್ಣೆ ಬಿಡಲ್ಲ ಅಂತ ನನ್ನ ನಂಬಿಕೆ. ಹಿಂದುಗಡೆ ಎರಡು ತೆಂಗಿನ ಮರ ಇದೆ, ಗರಿ, ಚಿಪ್ಪು, ಮೋಟು ಎಲ್ಲ ಏನು ಮಾಡಲಿ? ಆ ಹೊಗೆಗೂಡು ನೋಡು, ನಿನ್ನ ಮೆಷೀನಿಗೆ ಹತ್ತು ಮಾರು ದೂರ. ನಾನು ಬಸ್ಸಿನವರನ್ನ ಬೈತಾ ಕೂತಿದ್ದೆ.

— ಚಳಿಗಾಲದ ಬೆಳಗ್ಗೆ ಬೇರೆ. ಹೊಗೆ ಮೇಲಕ್ಕೆ ಹೋಗದೆ ತಾರಸಿ ಮಟ್ಟದಲ್ಲೇ ಮಲಗಿರುತ್ತೆ.

— ಆ ನಾಲ್ಕು ಕಾಗದ ಬಿಸಾಕಿಬಿಡು. ನಾನು ಯಾರಿಗೂ ಹೇಳಲ್ಲ.

— ನನಗೆ ಇಷ್ಟವಾಗಲಿಲ್ಲ ಅಂತ ಬಿಸಾಕೋಕೆ ಆಗಲ್ಲ ಅಂಕಲ್. ಊರಿನ ಸರಾಸರಿಗೆ ಸೇರಿಸೋಕೂ ಆಗಲ್ಲ. ಗುರುತು ಮಾಡಿ ಪಕ್ಕದಲ್ಲಿ ಕಾರಣ ಬರೆದಿಡ್ತೀನಿ. ನಿಮ್ಮ ಒಲೆ ಒಂದೇ ಅಲ್ಲ ಅಂತಲೂ ಅನ್ನಿಸುತ್ತೆ, ಈ ಬಡಾವಣೆಯಲ್ಲಿ ಇನ್ನೆಷ್ಟು ಹಂಡೆ ಇದ್ದಾವೋ. ಒಂದು ಕೇಳಲಾ? ಈ ಭಾನುವಾರ ಐದೂವರೆಗೆ ಬರ್ತೀನಿ, ಸಣ್ಣ ಪಂಪು ತಂದು ನಿಮ್ಮ ಹೊಗೆಗೂಡಿನ ಬಾಯಲ್ಲೇ ಕಾಗದ ಹಿಡೀತೀನಿ. ತೆಂಗಿನ ಗರಿಯ ಹೊಗೆಯಲ್ಲಿ ಯಾವ ಅಣು ಎಷ್ಟಿರುತ್ತೆ ಅಂತ ನನ್ನ ಹತ್ತಿರ ಲೆಕ್ಕವೇ ಇಲ್ಲ.

— ಬಾ, ಅದಕ್ಕೇನು. ತಲೆಗೆ ಎಣ್ಣೆ ಹಚ್ಚಿಕೊಂಡು ಕಾಯ್ತಿರ್ತೀನಿ. ಬರೀ ಗರಿ ಹಾಕಲಾ, ಚಿಪ್ಪೂ ಬೇಕಾ?

— ನನಗೋಸ್ಕರ ಏನೂ ಬದಲಾಯಿಸಬೇಡಿ. ಪ್ರತಿ ವಾರ ಏನು ಹಾಕ್ತೀರೋ ಅದನ್ನೇ ಹಾಕಿ.

— ಪ್ರತಿ ವಾರ ಅಂದ್ರೆ... ಮೊದಲು ಹೊತ್ತಿಸೋಕೆ ಹಾಲಿನ ಕವರ್ ಹಾಕ್ತೀನಮ್ಮಾ. ಚಳಿಗೆ ಗರಿ ಬೇಗ ಹತ್ತಲ್ಲ.

— ...ಪ್ಲಾಸ್ಟಿಕ್ ಕವರ್. ಎಷ್ಟು ಅಂಕಲ್? ತಡೀರಿ, ಬರಕೋತೀನಿ.

— ಎರಡು. ಮೊಸರಿನದೂ ಇದ್ದರೆ ಮೂರು.